ಕೊಂಡಿ ಕಳಚುವ ಮುನ್ನ

೨೦೨೪ರ ಆಗಸ್ಟ್ ೧೦, ಶನಿವಾರ. ಕೊಪ್ಪಳದ ನನ್ನ ಮನೆಯಲ್ಲಿ ಎಲ್ಲರೂ ಮಲಗಿಯಾಗಿತ್ತು. ನಡುರಾತ್ರಿ ದಾಟಿದ ಮೇಲೆ ಮೊಬೈಲು ಬಡಿದುಕೊಂಡಿತು. ಗಂಗಾವತಿಯ ಕಡೆ, ಎಡದಂಡೆ ಕಾಲುವೆಯ ನೀರಿನಲ್ಲಿ ನಾಲ್ಕು ಎಕರೆ ಭತ್ತ ಬೆಳೆಯುವ ನನ್ನ ತಮ್ಮನ ಧ್ವನಿ. "ಅಣ್ಣಾ, ಡ್ಯಾಮಿನ ಹತ್ತೊಂಬತ್ತನೇ ಗೇಟು ಕಿತ್ಕೊಂಡು ಹೋಗೈತಂತ. ನೀರೆಲ್ಲಾ ಹೊಳಿಪಾಲು ಆಗಾಕತ್ತೈತಿ. ನಾಟಿ ಮಾಡಿ ಇನ್ನಾ ತಿಂಗಳಾಗಿಲ್ಲ. ಏನ್ ಮಾಡೂದು?" ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದುಕೊಂಡ ಒಂದು ವಿದ್ಯೆಯ ಚರಿತ್ರೆಯನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿಗೆ ೩೩ ಗೇಟುಗಳು. ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ. ಅವುಗಳನ್ನು ಎತ್ತಿ ಇಳಿಸುವುದು ಸರಪಳಿ. ಅಂದು ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು, ಗೇಟು ನೀರಿನ ಪಾಲಾಯಿತು. ಅದೊಂದೇ ಕಂಡಿಯಿಂದ ಸುಮಾರು ೩೫ ಸಾವಿರ ಕ್ಯೂಸೆಕ್ ನೀರು ಧುಮ್ಮಿಕ್ಕತೊಡಗಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ವರ್ಷವೆಲ್ಲ ಕಾಯ್ದು ಕೂಡಿಸಿದ ನೀರನ್ನು ಅಣೆಕಟ್ಟನ್ನು ಉಳಿಸಿಕೊಳ್ಳುವುದಕ್ಕಾಗಿ ನಾವೇ ಹೊರಗೆ ಚೆಲ್ಲಬೇಕಾಗಿ ಬಂದ ವಿಚಿತ್ರ ಸಂಕಟವದು.

ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ರೈತ ಮುಗಿಲನ್ನು ನೋಡುತ್ತಾನೆ. ಗಂಗಾವತಿಯ ರೈತ ಅಣೆಕಟ್ಟಿನ ಮಟ್ಟವನ್ನು ನೋಡುತ್ತಾನೆ. ಮುಗಿಲು ನಮ್ಮ ಕೈಯದಲ್ಲ. ಮಳೆ ಬಾರದಿದ್ದರೆ ದೈವವನ್ನು ದೂರಿ ಸುಮ್ಮನಾಗಬಹುದು. ಆದರೆ ಗೇಟು ಮನುಷ್ಯನು ಮಾಡಿದ್ದು. ಅದಕ್ಕೆ ಮನುಷ್ಯನೇ ಹೊಣೆ. 'ಹೀಗಾದರೆ ಏನು ಗತಿ?' ಎಂಬ ಪ್ರಶ್ನೆಯನ್ನು ನೀರು ಬರುವ ಮೊದಲೇ ಕೇಳಿಕೊಳ್ಳುವ ಬಗೆ ಯಾವುದು? ಇದನ್ನು ಹುಡುಕುತ್ತ ಹೊರಟ ನನಗೆ ಉತ್ತರದ ಒಂದು ತುಣುಕು ಸಿಕ್ಕಿದ್ದು, ಸಾಹಿತ್ಯದ ವಿದ್ಯಾರ್ಥಿಯಾದ ನಾನು ಎಂದೂ ಇಣಿಕಿ ನೋಡದ ಗಣಕವಿಜ್ಞಾನದಲ್ಲಿ. ತಂತ್ರಾಂಶವನ್ನು ಬರೆಯುವ ಮುನ್ನ ಅದರ ಮಾದರಿಯನ್ನು ಗಣಿತದ ಭಾಷೆಯಲ್ಲಿ ಕಟ್ಟಿ, ಆ ಮಾದರಿಯನ್ನು ಎಲ್ಲ ದಿಕ್ಕಿನಿಂದಲೂ ಪರೀಕ್ಷಿಸುವ ಪದ್ಧತಿ ಅಲ್ಲಿದೆ. ಆ ಕ್ಷೇತ್ರದವರು ಅದನ್ನು 'ಫಾರ್ಮಲ್ ಮೆಥಡ್ಸ್' ಎನ್ನುತ್ತಾರೆ. ನಾವು ಗಣಿತ ಮಾದರಿಯ ವಿಧಾನವೆಂದು ಕರೆಯೋಣ.

ಮಾದರಿಯೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ತಾವು ನೋಡಿರಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿಯದು. ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಕೊಂಡಾಡುತ್ತದೆ. ಅದರ ಹೊರಗೋಡೆಗಳ ಮೇಲೆ ಅಂಗೈಯಗಲದ, ಮೊಳದುದ್ದದ ಶಿಖರಗಳಿವೆ. ದೊಡ್ಡ ಗುಡಿಯ ಮೈಮೇಲೆ ಚಿಕ್ಕ ಗುಡಿಗಳು. ಅವನ್ನು ನೋಡುವಾಗಲೆಲ್ಲ ನನಗನ್ನಿಸುವುದು, ಶಿಲ್ಪಿಯ ಮನಸ್ಸಿನಲ್ಲಿ ಇಡೀ ಕಟ್ಟಡ ಕಟ್ಟುವುದಕ್ಕೆ ಮೊದಲೇ ಅಳತೆಗಳ ಸಂಬಂಧವಾಗಿ ನೆಲೆಸಿತ್ತು ಎಂದು. ಗಾತ್ರ ಬದಲಾದರೂ ಸಂಬಂಧ ಬದಲಾಗದು. ಮಾದರಿಯ ಜೀವಾಳ ಇರುವುದು ಗಾತ್ರದಲ್ಲಲ್ಲ, ಈ ಸಂಬಂಧದಲ್ಲಿ.

ಕಲ್ಲಿಗೆ ಶಿಲ್ಪಶಾಸ್ತ್ರವಿದ್ದಂತೆ ಮಾತಿಗೆ ವ್ಯಾಕರಣವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ನಮ್ಮ ಕೊಪಣ ನಗರವನ್ನೂ ಹೆಸರಿಸುತ್ತದೆ. ಯಾವುದು ಸರಿಯಾದ ಕನ್ನಡ, ಯಾವುದಲ್ಲ ಎಂಬುದಕ್ಕೆ ಗೆರೆಯೆಳೆಯುವ ಪ್ರಯತ್ನವದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದೇ ಕೆಲಸವನ್ನು ಸೂತ್ರಗಳ ಬಿಗಿಯಲ್ಲಿ ಮಾಡಿದ. ಸೂತ್ರಗಳು ಕೆಲವೇ; ಅವು ಆಳುವ ಮಾತುಗಳಾದರೋ ಎಣಿಕೆಗೆ ಸಿಕ್ಕವು. ಗಣಕವಿಜ್ಞಾನದ ಚರಿತ್ರೆಯಲ್ಲಿ ವ್ಯಾಕರಣಕ್ಕೆ ದೊಡ್ಡ ಸ್ಥಾನವಿದೆಯೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಣಕಕ್ಕೆ ಆಜ್ಞೆ ಬರೆಯುವ ಆಲ್ಗಾಲ್ ಎಂಬ ಭಾಷೆಯ ವಾಕ್ಯರಚನೆಯನ್ನು ೧೯೬೦ರ ವರದಿಯಲ್ಲಿ ಸೂತ್ರರೂಪದಲ್ಲಿ ನಿರೂಪಿಸಲಾಯಿತು. ಆ ಬರವಣಿಗೆಗೆ ಜಾನ್ ಬ್ಯಾಕಸ್, ಪೀಟರ್ ನೌರ್ ಎಂಬವರ ಹೆಸರು ಅಂಟಿತು. ೧೯೬೭ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸರು ಗಣಕಶಾಸ್ತ್ರದ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇಂಥ ಬರವಣಿಗೆಯನ್ನು ಬಹು ಹಿಂದೆಯೇ ಪಾಣಿನಿ ಬಳಸಿದ್ದಾನೆ, ಆದ್ದರಿಂದ ಅವನ ಹೆಸರನ್ನೂ ಸೇರಿಸಬೇಕು ಎಂದು ಸೂಚಿಸಿದರು.

ಆದರೆ ವಾಕ್ಯ ವ್ಯಾಕರಣಶುದ್ಧವಾದ ಮಾತ್ರಕ್ಕೆ ಸತ್ಯವಾಗುವುದಿಲ್ಲ. ಇದು ತಮಗೆ ಗೊತ್ತಿರುವ ಸಂಗತಿ. ಗಣಕದ ಕ್ರಮವಿಧಿಯೂ ಹಾಗೆಯೇ. ಅದು ನಾವು ಬಯಸಿದ್ದನ್ನೇ ಮಾಡುತ್ತದೆಂದು ನಂಬುವುದು ಹೇಗೆ? ಈ ಪ್ರಶ್ನೆಯನ್ನು ಆ್ಯಲನ್ ಟ್ಯೂರಿಂಗ್ ೧೯೪೯ರಲ್ಲಿಯೇ ಕೇಂಬ್ರಿಜ್‌ನ ಸಭೆಯೊಂದರಲ್ಲಿ ಎತ್ತಿದ್ದರು. ದೊಡ್ಡ ಕ್ರಮವಿಧಿಯ ನಡುನಡುವೆ 'ಇಲ್ಲಿಗೆ ಬಂದಾಗ ಇಂಥದು ನಿಜವಾಗಿರಬೇಕು' ಎಂಬ ಹೇಳಿಕೆಗಳನ್ನು ನೆಟ್ಟು, ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದೆಂಬುದು ಅವರ ಸಲಹೆ. ೧೯೬೭ರಲ್ಲಿ ರಾಬರ್ಟ್ ಫ್ಲಾಯ್ಡ್, ೧೯೬೯ರಲ್ಲಿ ಟೋನಿ ಹೋರ್ ಇದನ್ನು ತರ್ಕಶಾಸ್ತ್ರದ ಚೌಕಟ್ಟಿಗೆ ತಂದರು. ಕೆಲಸಕ್ಕೆ ಮೊದಲು ಇರಬೇಕಾದ ಸ್ಥಿತಿ, ಕೆಲಸ, ಕೆಲಸವಾದ ಮೇಲೆ ಇರಬೇಕಾದ ಸ್ಥಿತಿ—ಈ ಮೂರನ್ನೂ ಒಟ್ಟಿಗೆ ಬರೆಯುವ ಕ್ರಮ ಹೋರ್ ಅವರದು. ಈ ನಡುವೆ, ೧೯೬೮ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಒಂದು ಸಮ್ಮೇಳನ ಸೇರಿತು. ತಂತ್ರಾಂಶ ರಚನೆ ಹಿಡಿತ ತಪ್ಪುತ್ತಿದೆ, ಸೇತುವೆ ಕಟ್ಟುವವರಲ್ಲಿರುವ ಶಿಸ್ತು ಇಲ್ಲಿಯೂ ಬೇಕು ಎಂಬ ಕಳವಳದಿಂದ 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ. ಪರೀಕ್ಷೆ ನಡೆಸಿ ದೋಷವಿದೆಯೆಂದು ತೋರಿಸಬಹುದು, ಆದರೆ ದೋಷವಿಲ್ಲವೆಂದು ಎಂದೂ ತೋರಿಸಲಾಗದು ಎಂದು ಡೈಕ್‌ಸ್ಟ್ರಾ ಎಚ್ಚರಿಸಿದ್ದೂ ಆ ದಿನಗಳಲ್ಲಿಯೇ.

ಈ ಮಾತಿನ ಅರ್ಥವನ್ನು ನಮ್ಮ ಅಣೆಕಟ್ಟನ್ನೇ ಇಟ್ಟುಕೊಂಡು ನೋಡೋಣ. ೩೩ ಗೇಟುಗಳಿವೆ. ಒಂದೊಂದಕ್ಕೂ ಎರಡೇ ಸ್ಥಿತಿ ಎಂದುಕೊಳ್ಳೋಣ: ತೆರೆದದ್ದು, ಮುಚ್ಚಿದ್ದು. ಒಟ್ಟು ಎಷ್ಟು ಬಗೆಯ ಸ್ಥಿತಿಗಳಾದವು? ಮೂವತ್ತಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ೮೫೮ ಕೋಟಿಗೂ ಮಿಗಿಲು. ಸೆಕೆಂಡಿಗೊಂದರಂತೆ ಪರೀಕ್ಷಿಸುತ್ತ ಕುಳಿತರೂ ೨೭೦ ವರ್ಷಕ್ಕೂ ಹೆಚ್ಚು ಬೇಕು. ಯಾವ ಇಂಜಿನಿಯರನೂ ಇವೆಲ್ಲವನ್ನೂ ಗೇಟು ಎತ್ತಿಳಿಸಿ ನೋಡಲಾರ. ನೂರು ಸಲ ಸರಿಯಾಗಿ ನಡೆದರೆ ನೂರೊಂದನೆಯದೂ ನಡೆದೀತೆಂದು ನಂಬುವುದಷ್ಟೇ ಅವನಿಗೆ ಉಳಿದ ದಾರಿ. ಆದರೆ ಇದರ ಗಣಿತ ಮಾದರಿಯನ್ನು ಕಟ್ಟಿ, 'ನೀರಿನ ಮಟ್ಟ ಮಿತಿ ಮೀರಿರುವಾಗ ಎಲ್ಲ ಗೇಟುಗಳೂ ಮುಚ್ಚಿರುವ ಸ್ಥಿತಿ ಎಂದೆಂದಿಗೂ ಬರಕೂಡದು' ಎಂದು ಬರೆದಿಟ್ಟರೆ, ಆ ಕೋಟಿ ಕೋಟಿ ಸ್ಥಿತಿಗಳಲ್ಲಿ ಒಂದೇ ಒಂದಾದರೂ ಈ ಮಾತನ್ನು ಮುರಿಯುತ್ತದೆಯೇ ಎಂದು ಗಣಕವೇ ಹುಡುಕಿ ಹೇಳಬಲ್ಲುದು. ಮುರಿಯುವುದಾದರೆ ಯಾವ ಯಾವ ಹೆಜ್ಜೆಗಳಿಂದ ಅಲ್ಲಿಗೆ ತಲುಪಿದೆವು ಎಂಬ ದಾರಿಯನ್ನೂ ತೋರಿಸುತ್ತದೆ.

'ಎಂದೆಂದಿಗೂ', 'ಎಂದಾದರೊಮ್ಮೆ' ಎಂಬ ಈ ಕಾಲವಾಚಿ ಮಾತುಗಳನ್ನು ತರ್ಕಕ್ಕೆ ಒಳಪಡಿಸಿದ ಕಥೆಯೂ ಸ್ವಾರಸ್ಯದ್ದೇ. ನ್ಯೂಜಿಲೆಂಡಿನ ದಾರ್ಶನಿಕ ಆರ್ಥರ್ ಪ್ರಯರ್ ಭೂತ, ಭವಿಷ್ಯತ್ ಕಾಲಗಳ ವಾಕ್ಯಗಳಿಗೆ ತರ್ಕವೊಂದನ್ನು ಕಟ್ಟಿದರು. ಅದು ಶುದ್ಧ ತತ್ತ್ವಚಿಂತನೆ. ೧೯೭೭ರಲ್ಲಿ ಇಸ್ರೇಲಿನ ಅಮೀರ್ ನ್ಯುಯೆಲಿ ಅಂಥ ಕಾಲತರ್ಕವನ್ನು ಕ್ರಮವಿಧಿಗಳಿಗೆ ಅನ್ವಯಿಸಿ ತೋರಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಎಮರ್‌ಸನ್, ಫ್ರಾನ್ಸಿನ ಕೇಯ್ ಮತ್ತು ಸಿಫಾಕಿಸ್ ಸ್ವತಂತ್ರವಾಗಿ ಕಂಡುಕೊಂಡದ್ದು, ಹೀಗೆ ಬರೆದ ಮಾತನ್ನು ಮಾದರಿಯ ಎಲ್ಲ ಸ್ಥಿತಿಗಳಲ್ಲಿಯೂ ಯಂತ್ರದಿಂದಲೇ ಪರೀಕ್ಷಿಸುವ ಉಪಾಯವನ್ನು. ಕ್ಲಾರ್ಕ್, ಎಮರ್‌ಸನ್, ಸಿಫಾಕಿಸ್ ಈ ಮೂವರಿಗೆ ೨೦೦೭ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕ್ರಿಯಾಪದದ ಕಾಲರೂಪದ ಬಗ್ಗೆ ಯಾರೋ ತಲೆಕೆಡಿಸಿಕೊಂಡದ್ದು ಮುಂದೆ ಯಂತ್ರಗಳ ರಕ್ಷೆಯಾಯಿತು. ಸಾಹಿತ್ಯ ವ್ಯಾಕರಣಗಳಿಂದ ಏನುಪಯೋಗವೆಂದು ಕೇಳುವವರಿಗೆ ನಾನು ಈ ಪ್ರಸಂಗವನ್ನು ಹೇಳುವುದುಂಟು.

ಇದೆಲ್ಲ ಕೇವಲ ಪಂಡಿತರ ವಿನೋದವಲ್ಲವೆಂಬುದನ್ನು ನನಗೆ ಮನಗಾಣಿಸಿದ್ದು ನೀರಿನ ಇನ್ನೊಂದು ಕಥೆ. ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು ೧೯೪೫ರಲ್ಲಿ. ಆಗ ಹೊಳೆಯ ಈ ದಡ ಹೈದರಾಬಾದ್ ಸಂಸ್ಥಾನದ್ದು, ಆ ದಡ ಮದರಾಸಿನದು. ಕಲ್ಲು, ಸುರ್ಕಿ ಗಾರೆಗಳ ಆ ಕಟ್ಟಡ ಮುಗಿದು ಕಾಲುವೆಗಳಿಗೆ ನೀರು ಹರಿದದ್ದು ೧೯೫೩ರಲ್ಲಿ. ನಮ್ಮ ಸೀಮೆಗೆ ನೀರು ವರವಾಗಿ ಬಂದ ಅದೇ ವರ್ಷ, ಜನವರಿ ೩೧ರ ರಾತ್ರಿ, ನೆದರ್ಲೆಂಡ್ಸ್ ದೇಶದ ಮೇಲೆ ಉತ್ತರ ಸಮುದ್ರ ಉಕ್ಕಿ ಬಂತು. ತಡೆಗಟ್ಟೆಗಳು ಒಡೆದು ಆ ಒಂದೇ ದೇಶದಲ್ಲಿ ೧,೮೩೬ ಮಂದಿ ಸತ್ತರು. ಇನ್ನೊಮ್ಮೆ ಹೀಗಾಗಬಾರದೆಂದು ಅವರು ದಶಕಗಳ ಕಾಲ ಕಟ್ಟುತ್ತಲೇ ಹೋದರು. ಆ ಸಾಲಿನಲ್ಲಿ ಒಂದು, ರಾಟರ್‌ಡ್ಯಾಮ್ ಬಂದರಿನ ಜಲಮಾರ್ಗಕ್ಕೆ ಕಟ್ಟಿದ ಮೇಸ್ಲಾಂಟ್ ತಡೆಗೋಡೆ. ತಲಾ ೨೧೦ ಮೀಟರ್ ಉದ್ದ, ೨೨ ಮೀಟರ್ ಎತ್ತರದ ಎರಡು ಉಕ್ಕಿನ ಬಾಗಿಲುಗಳು ದಡದಿಂದ ತೇಲಿಬಂದು ನಡುವೆ ಕೂಡಿ ಮುಳುಗಿ ಕೂರುತ್ತವೆ. ಅದು ಉದ್ಘಾಟನೆಯಾದದ್ದು ೧೯೯೭ರಲ್ಲಿ. ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ.

ಆ ಬಾಗಿಲನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬ ತೀರ್ಮಾನವನ್ನು ಡಚ್ಚರು ತಂತ್ರಾಂಶಕ್ಕೆ ಒಪ್ಪಿಸಿದರು. ಬಿರುಗಾಳಿಯ ರಾತ್ರಿಯಲ್ಲಿ ಗಾಬರಿಗೊಂಡ ಮನುಷ್ಯ ತಪ್ಪು ಮಾಡುವ ಸಂಭವ ಹೆಚ್ಚೆಂಬುದು ಅವರ ಎಣಿಕೆ. ಆದರೆ ಇಲ್ಲಿ ಎರಡು ಕತ್ತಿಗಳ ನಡುವಿನ ನಡಿಗೆ. ಮುಚ್ಚಬೇಕಾದಾಗ ಮುಚ್ಚದಿದ್ದರೆ ಸಮುದ್ರ ಒಳನುಗ್ಗುತ್ತದೆ. ಮುಚ್ಚಿದ್ದು ತೆರೆಯಬೇಕಾದಾಗ ತೆರೆಯದಿದ್ದರೆ, ಹಿಂದಿನಿಂದ ಹರಿದುಬರುವ ರೈನ್ ನದಿಯ ನೀರು ನಿಂತು ಒಳನಾಡನ್ನೇ ಮುಳುಗಿಸುತ್ತದೆ. ಆದ್ದರಿಂದ ಆ ತಂತ್ರಾಂಶವನ್ನು ರಚಿಸಿದವರು ಮೊದಲು ಗಣಿತ ಮಾದರಿಗಳನ್ನು ಕಟ್ಟಿದರು. ಎಪ್ಪತ್ತರ ದಶಕದ ಕೊನೆಗೆ ಜಾನ್ ರೇಮಂಡ್ ಅಬ್ರಿಯಾಲ್ ರೂಪಿಸತೊಡಗಿದ 'ಜ಼ೆಡ್' ಎಂಬ ಗಣಿತ ಭಾಷೆಯಲ್ಲಿ ಒಂದೊಂದು ಕೆಲಸದ ಹಿಂದಿನ ಮುಂದಿನ ಸ್ಥಿತಿಗಳನ್ನು ಬರೆದರು. ಬೇರೆಬೇರೆ ಯಂತ್ರಭಾಗಗಳು ಪರಸ್ಪರ ಸಂದೇಶ ಕಳಿಸುವಾಗ ಒಂದಕ್ಕೊಂದು ಕಾಯುತ್ತ ಸ್ತಬ್ಧವಾಗದಂತೆ, ಡಚ್ ಮೂಲದ ಜೆರಾರ್ಡ್ ಹೋಲ್ಜ್‌ಮನ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ 'ಸ್ಪಿನ್' ಎಂಬ ಪರೀಕ್ಷಕದಿಂದ ನೋಡಿದರು. ೨೦೦೭ರ ನವೆಂಬರ್ ೮ರಂದು ಆ ಬಾಗಿಲುಗಳು ಮೊದಲ ಬಾರಿಗೆ ನಿಜವಾದ ಬಿರುಗಾಳಿಗೆ ಮುಚ್ಚಿಕೊಂಡವು. ೨೦೨೩ರ ಡಿಸೆಂಬರ್ ೨೧ರಂದು ಸಮುದ್ರದ ಮಟ್ಟ ಏರಿದಾಗ ತಂತ್ರಾಂಶದ ತೀರ್ಮಾನದಂತೆ ತಾವಾಗಿಯೇ ಮುಚ್ಚಿಕೊಂಡವು.

ಈ ವಿದ್ಯೆ ಕನ್ನಡ ನೆಲದಲ್ಲಿಯೂ ಬೇರು ಬಿಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಅವರ ಸಂಗಡಿಗರು, ಸಣ್ಣ ಸಣ್ಣ ಉಪಕರಣಗಳ ಒಳಗೆ ಕುಳಿತು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ 'ಫ್ರೀ ಆರ್‌ಟಿಓಎಸ್' ಎಂಬ ತಂತ್ರಾಂಶದ ಭಾಗವನ್ನು ಹೀಗೆಯೇ ಪರೀಕ್ಷೆಗೊಡ್ಡಿದರು. ಬಹುಜನ ಬಳಸುತ್ತಿದ್ದ ತಂತ್ರಾಂಶವದು. ಮೇಲಿನ ಗಣಿತ ಮಾದರಿಯಿಂದ ಕೆಳಗಿನ ಸಾಲುಗಳವರೆಗೆ ಹೆಜ್ಜೆಹೆಜ್ಜೆಯಾಗಿ ಇಳಿಯುತ್ತ, ಯಂತ್ರವೇ ಒಪ್ಪುವಂಥ ಸಾಧನೆಯನ್ನು ಕೊಟ್ಟು ೨೦೧೫ರಲ್ಲಿ ಪ್ರಕಟಿಸಿದರು. ದಾರಿಯಲ್ಲಿ ಕೆಲವು ದೋಷಗಳೂ ಸಿಕ್ಕವು. ಅವನ್ನು ತಿದ್ದಿ ಮುಂದೆ ಸಾಗಿದರು. ಎಲ್ಲರೂ ಬಳಸಿ ಸರಿಯೆಂದು ನಂಬಿದ್ದರಲ್ಲಿಯೂ ದೋಷ ಅಡಗಿರಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಇಷ್ಟು ಹೇಳಿ ನಾನು ನಿಲ್ಲಿಸಿದರೆ ಅದು ಸ್ತೋತ್ರಪಾಠವಾದೀತು. ಗಣಿತ ಮಾದರಿಗೆ ಒಂದು ದೊಡ್ಡ ಮಿತಿಯಿದೆ. ೧೯೯೬ರ ಜೂನ್ ೪ರಂದು ಏರಿಯಾನ್-೫ ರಾಕೆಟ್ಟಿನ ಮೊದಲ ಹಾರಾಟ ನಲವತ್ತು ಸೆಕೆಂಡಿನೊಳಗೆ ಸ್ಫೋಟದಲ್ಲಿ ಮುಗಿಯಿತು. ಹಿಂದಿನ ಏರಿಯಾನ್-೪ರಲ್ಲಿ ಸರಿಯಾಗಿಯೇ ನಡೆದಿದ್ದ ತಂತ್ರಾಂಶವನ್ನು ಹೊಸದಕ್ಕೂ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಅಲ್ಲಿ ಹುಟ್ಟಿದ ಸಂಖ್ಯೆಯೊಂದು ತನಗೆ ಕೊಟ್ಟಿದ್ದ ಜಾಗದಲ್ಲಿ ಹಿಡಿಸಲಿಲ್ಲ. 'ಈ ಸಂಖ್ಯೆ ಇಷ್ಟಕ್ಕಿಂತ ದೊಡ್ಡದಾಗದು' ಎಂಬ ಗ್ರಹಿಕೆ ಹಳೆಯ ಕಾಲದಿಂದ ಹಾಗೆಯೇ ನಡೆದುಬಂದಿತ್ತು. ಡಚ್ಚರ ತಡೆಗೋಡೆಯೂ ಇದಕ್ಕೆ ಹೊರತಲ್ಲ. ಕಟ್ಟಿದ ಕೆಲವು ವರ್ಷಗಳ ನಂತರ ಲೆಕ್ಕಹಾಕಿದಾಗ ಅದು ಕೈಕೊಡುವ ಸಂಭವ ಮೊದಲು ಎಣಿಸಿದ್ದಕ್ಕಿಂತ ಹೆಚ್ಚೆಂದು ತಿಳಿದು, ಅವರು ಮತ್ತೆ ಸುಧಾರಣೆಗೆ ತೊಡಗಬೇಕಾಯಿತು.

ಈಗ ನಮ್ಮ ೮೫೮ ಕೋಟಿ ಸ್ಥಿತಿಗಳಿಗೆ ಮರಳೋಣ. ಆ ಮಾದರಿಯನ್ನು ಕಟ್ಟುವಾಗ ನಾನು ಗೇಟಿಗೆ ಎರಡೇ ಸ್ಥಿತಿ ಎಂದೆ. ತಾವು ಆಕ್ಷೇಪಿಸಲಿಲ್ಲ. ತೆರೆದದ್ದು, ಮುಚ್ಚಿದ್ದು, ಸರಿಯಾಗಿಯೇ ತೋರಿತು. ಆದರೆ ೨೦೨೪ರ ಆ ರಾತ್ರಿ ಹತ್ತೊಂಬತ್ತನೆಯ ಗೇಟು ತೆರೆದೂ ಇರಲಿಲ್ಲ, ಮುಚ್ಚಿಯೂ ಇರಲಿಲ್ಲ. ಅದು ಇರಲೇ ಇಲ್ಲ! ಕಳಚಿಹೋದ ಗೇಟು ಎಂಬ ಮೂರನೆಯ ಸ್ಥಿತಿ ನನ್ನ ಮಾದರಿಯಲ್ಲಿಲ್ಲ. ಗಣಕವು ಕೋಟಿ ಕೋಟಿ ಸ್ಥಿತಿಗಳನ್ನು ಪ್ರಾಮಾಣಿಕವಾಗಿ ಶೋಧಿಸಿ, ಎಲ್ಲವೂ ಕ್ಷೇಮವೆಂದು ಹೇಳುತ್ತಿತ್ತು. ಅದರ ತಪ್ಪಲ್ಲ ಅದು. ಮೂರನೆಯ ಸ್ಥಿತಿಯನ್ನು ಸೇರಿಸಿದೆವೆನ್ನಿ, ಲೆಕ್ಕ ಐವತ್ತೈದು ಕೋಟಿ ಕೋಟಿಯನ್ನು ದಾಟುತ್ತದೆ. ಅದಕ್ಕೂ ಉಪಾಯಗಳನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಸರಪಳಿ ಕಡಿಯಬಹುದು ಎಂದು ಮೊದಲು ನೆನೆಯುವುದು ಯಂತ್ರದ ಕೆಲಸವಲ್ಲ. ಸರಪಳಿಯನ್ನು ಕೈಯಿಂದ ಮುಟ್ಟಿ ಬಲ್ಲವನ ಕೆಲಸ. ತುಂಗಭದ್ರೆಯಲ್ಲಿ ಕಡಿದದ್ದು ಉಕ್ಕು, ತಂತ್ರಾಂಶವಲ್ಲ. ಆದರೂ ಎರಡರ ಪಾಠ ಒಂದೇ ಎಂದು ನನಗೆ ತೋರುತ್ತದೆ. ಬರೆದಿಟ್ಟ ಗ್ರಹಿಕೆಯನ್ನು ಇನ್ನೊಬ್ಬರು ಓದಿ ಪ್ರಶ್ನಿಸಬಹುದು. ಮನಸ್ಸಿನಲ್ಲೇ ಉಳಿದ ಗ್ರಹಿಕೆಯನ್ನು ಪ್ರಶ್ನಿಸುವುದು ಪ್ರವಾಹ ಮಾತ್ರ.

ಆ ವಿದ್ಯೆಯ ನಿಜವಾದ ಪ್ರಯೋಜನ ಇಲ್ಲಿದೆ. ಅದು ಸತ್ಯವನ್ನು ತಂದುಕೊಡುವ ಮಂತ್ರವಲ್ಲ. ನಾವು ಏನನ್ನು ನಂಬಿ ಕುಳಿತಿದ್ದೇವೆ ಎಂಬುದನ್ನು ಅಡಗಿಸಲಾಗದಷ್ಟು ಸ್ಪಷ್ಟವಾಗಿ ಬರೆಯುವಂತೆ ಅದು ನಮ್ಮನ್ನು ಒತ್ತಾಯಿಸುತ್ತದೆ. ಆಮೇಲೆ ಬೈಠಕ್ಕಿನಲ್ಲಿ ಕುಳಿತ ಒಬ್ಬ ಹಳೆಯ ಫಿಟ್ಟರ್, "ಸಾಹೇಬ್ರ, ಈ ಚೈನು ಕಡಿದ್ರ ಏನ್ರಿ?" ಎಂದು ಕೇಳಲು ಅವಕಾಶವಾಗುತ್ತದೆ. ಆ ಒಂದು ಪ್ರಶ್ನೆಯನ್ನು ಕೇಳುವವನಿಗೂ ಅದನ್ನು ಸೂತ್ರವಾಗಿ ಬರೆಯಬಲ್ಲವನಿಗೂ ನಡುವೆ ಮಾತುಕತೆ ನಡೆಯದಿದ್ದರೆ ಎಷ್ಟು ಗಣಿತವಿದ್ದರೂ ಅಷ್ಟೇ.

ಅಣೆಕಟ್ಟಿನ ಕಥೆಯನ್ನು ಅರ್ಧಕ್ಕೆ ಬಿಡಲಾರೆ. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಅಡ್ಡಹಲಗೆಗಳನ್ನು, ಅಂದರೆ ಸ್ಟಾಪ್ ಲಾಗ್‌ಗಳನ್ನು, ಹೊಸದಾಗಿ ತಯಾರಿಸಿ, ಹರಿಯುವ ನೀರಿನಲ್ಲಿಯೇ ಇಳಿಸಿದರು. ಆಗಸ್ಟ್ ೧೬ರಂದು ಮೊದಲನೆಯದು ಕುಳಿತಿತು. ಮರುದಿನ ಕಂಡಿ ಮುಚ್ಚಿತು. ಆ ವರ್ಷದ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆ ಕೆಲಸಗಾರರ ಧೈರ್ಯಕ್ಕೆ ನಾವು ಎಷ್ಟು ಋಣಿಗಳಾದರೂ ಸಾಲದು. ಆದರೆ ಧೈರ್ಯ ಬೇಕಾಗುವುದು ಮುಂದಾಲೋಚನೆ ಮುಗಿದ ಜಾಗದಲ್ಲಿ ಎಂಬುದನ್ನೂ ಮರೆಯಬಾರದು.

ಸುಗ್ಗಿ ಮುಗಿದ ಮೇಲೆ ತಮ್ಮನ ಊರಿಗೆ ಹೋಗಿದ್ದೆ. ಕೊಯ್ದ ಗದ್ದೆಯ ಬದುವಿನ ಮೇಲೆ ನಡೆಯುತ್ತ, ನಾನು ಓದಿದ್ದನ್ನೆಲ್ಲ ಅವನಿಗೆ ತಿಳಿಯುವಂತೆ ಹೇಳಿದೆ. ಅವನು ಮಡಿ ಮಡಿಗೆ ನೀರು ತಿರುಗಿಸುವ ಮಣ್ಣಿನ ಒಡ್ಡನ್ನು ಕಾಲಿನಿಂದ ಒತ್ತಿ ನೋಡುತ್ತ ಸುಮ್ಮನೆ ಕೇಳಿದ. ಕೊನೆಗೆ, "ಅಣ್ಣಾ, ನಾ ರಾತ್ರಿ ನೀರು ಬಿಟ್ಟು ಮಲಗೂ ಮುಂದ, ಎಲ್ಲಿ ಒಡೀತೈತಿ ಅಂತ ನೋಡೇ ಮಲಗತೀನಿ. ನೀ ಹೇಳೂದೂ ಅದ ಅಲ್ಲೇನು?" ಎಂದ. ಅದೇ ಹೌದು ಎಂದೆ.